ಫೈಲಿನಲ್ಲಿರುವ ಹಿಮದ ಫೋಟೋ

ನಮ್ಮ ಮನೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಫೈಲಿದೆ. ಅದರಲ್ಲಿ ಮದುವೆ ಸರ್ಟಿಫಿಕೇಟು ಇರುವ ಪ್ಲಾಸ್ಟಿಕ್ ಹಾಳೆಯೊಳಗೇ ಒಂದು ಫೋಟೋ ಕೂಡ ಇದೆ. ಹಿಮ ಬಿದ್ದ ಕಲ್ಲಿನ ಸೇತುವೆಯ ಮೇಲೆ ಮಂಗನ ಟೊಪ್ಪಿ ಹಾಕಿದ ಒಬ್ಬ ಹಲ್ಲು ಕಿರಿದುಕೊಂಡು ನಿಂತಿದ್ದಾನೆ. ಅವನು ನಾನು. ಅದನ್ನು ಹರಿದು ಬಿಸಾಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಅದನ್ನು ಅಲ್ಲಿ ಇಟ್ಟವಳು ನನ್ನ ಹೆಂಡತಿ, ಹಾಗಾಗಿ ನನಗೆ ಧೈರ್ಯ ಬಂದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಾವು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಒಂದು ಹಳೆಯ ಕಟ್ಟಡದಲ್ಲಿದ್ದೆವು. ಎರಡು ಕೋಣೆಯ ಫ್ಲ್ಯಾಟು, ಎರಡು ಸಂಸಾರ. ಒಂದು ಕೋಣೆ ನಮ್ಮದು, ಇನ್ನೊಂದು ಮೈಸೂರಿನ ದಂಪತಿಗಳದ್ದು. ಅಡುಗೆಮನೆ ಮತ್ತು ಹಾಲಿನಲ್ಲಿದ್ದ ಫೋನು ಇಬ್ಬರಿಗೂ ಸೇರಿದ್ದು. ಮೈಸೂರಿನ ಆಕೆಯನ್ನು ನಾವಿಬ್ಬರೂ ಅಕ್ಕ ಎಂದೇ ಕರೆಯುತ್ತಿದ್ದೆವು. ನನ್ನ ಕೆಲಸ ರೊಟ್ಟಿ ಸುಡುವ ದೊಡ್ಡ ಒಲೆಗಳ ರಿಪೇರಿ. ಊರಾಚೆಯ ಬನಿಯಾಸಿನ ಬೇಕರಿಯೊಂದರಲ್ಲಿ ಒಲೆ ಕೆಟ್ಟರೆ ಇಡೀ ಬೀದಿಗೆ ಖುಬ್ಬೂಸ್ ರೊಟ್ಟಿ ಇಲ್ಲ, ಆಗ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಬೆಂಕಿಯೇ. ಉಡುಪಿಯಲ್ಲಿ ಹುಟ್ಟಿ ಅಲ್ಲಿ ಎಂಟು ವರ್ಷ ಬೆಂದ ನನ್ನನ್ನು ಕಂಪೆನಿಯವರು ಜನವರಿ ತಿಂಗಳಲ್ಲಿ ಹೊಸ ಒಲೆಗಳ ತರಬೇತಿಗೆಂದು ಹದಿನೈದು ದಿನ ಜರ್ಮನಿಗೆ ಕಳಿಸಿದರು. ಊರಿನ ಹೆಸರು ರೇಗನ್ಸ್‌ಬರ್ಗ್.

ಹೆಂಡತಿಗೆ ಆಗ ಎಂಟು ತಿಂಗಳು. ಊರಿಗೆ ಕಳಿಸುವ ಯೋಚನೆ ಇತ್ತು, ಆದರೆ ನಮ್ಮ ಕ್ಲಿನಿಕ್ಕಿನ ಡಾಕ್ಟರಮ್ಮ ವಿಮಾನ ಬೇಡ ಎಂದುಬಿಟ್ಟರು. ಹೆರಿಗೆ ಮಾರ್ಚಿನ ಮೊದಲ ವಾರದಲ್ಲಿ, ಅಷ್ಟರೊಳಗೆ ಅತ್ತೆಯವರು ವಿಸಿಟ್ ವೀಸಾದಲ್ಲಿ ಬರುತ್ತಾರೆ, ದೊಡ್ಡ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸುವುದು ನಾನು ಜರ್ಮನಿಯಿಂದ ಬಂದ ಮೇಲೆ. ಹೀಗೆ ಎಲ್ಲವನ್ನೂ ನಾನು ಲೆಕ್ಕ ಹಾಕಿದ್ದೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ದೈವವನ್ನು ಸುಮ್ಮನೆ ಯಾಕೆ ದೂರಬೇಕು, ಬಗೆದದ್ದೆಲ್ಲ ನಾನೇ.

ಈಗ ಫೈಲಿನ ವಿಷಯ ಹೇಳಬೇಕು. ಗಲ್ಫಿನಲ್ಲಿ ಬದುಕಿದವರಿಗೆ ಫೈಲು ಅಂದರೆ ಮನೆದೇವರು. ಮನೆ ಬಾಡಿಗೆಯ ಕರಾರು, ಸಂಬಳದ ಪತ್ರ, ಡಿಗ್ರಿ, ಮದುವೆ ಸರ್ಟಿಫಿಕೇಟು ಎಲ್ಲ ಅದರೊಳಗೆ. ಯಾವ ಕೌಂಟರಿನಲ್ಲಿ ಯಾವ ಪುಣ್ಯಾತ್ಮ ಯಾವಾಗ ಏನು ಕೇಳುತ್ತಾನೋ ಗೊತ್ತಿಲ್ಲ, ಇಲ್ಲ ಎಂದರೆ "ಮಾಫಿ, ಬುಕ್ರಾ" ಎಂದು, ಅಂದರೆ ಇಲ್ಲ, ನಾಳೆ ಬಾ ಎಂದು, ಅಟ್ಟುತ್ತಾನೆ. ಮದುವೆ ಸರ್ಟಿಫಿಕೇಟಂತೂ ಬರೀ ಕಾಗದವಲ್ಲ. ಮುಂದಿನ ಪುಟದಲ್ಲಿ ನಮ್ಮ ಮದುವೆ, ಹಿಂದಿನ ಪುಟದಲ್ಲಿ ಬೆಂಗಳೂರಿನ ಒಂದು ಮುದ್ರೆ, ದೆಹಲಿಯ ಎರಡು ಮುದ್ರೆ, ಅದರ ಮೇಲೆ ಅಬುಧಾಬಿಯ ಒಂದು ಮುದ್ರೆ. ಅದನ್ನು ಜರ್ಮನಿಯ ವೀಸಾಕ್ಕೆಂದು ಹೊರಗೆ ತೆಗೆದಿದ್ದೆ. ಐದು ಜೆರಾಕ್ಸ್ ಪ್ರತಿಗಳನ್ನೂ ಮಾಡಿಸಿದ್ದೆ. ಐದನ್ನೂ ಅದೇ ಫೈಲಿಗೆ ಹಾಕಿ, ಫೈಲನ್ನು ಸೂಟ್‌ಕೇಸಿಗೆ ಹಾಕಿದೆ.

"ಅಲ್ಲ ಇವ್ರೆ, ಅದು ಅಲ್ಲಿ ಎಂತಕ್ಕೆ? ಒಲೆ ರಿಪೇರಿಗೆ ಮದುವೆ ಕಾಗದ ಬೇಕಾ?" ಎಂದು ಹೆಂಡತಿ ಕೇಳಿದಳು.

"ನಿನಗೆ ಗೊತ್ತಾಗುದಿಲ್ಲ ಮಾರಾಯ್ತಿ. ಏರ್‌ಪೋರ್ಟಲ್ಲಿ ಕೇಳಿದ್ರೆ?"

"ಹಾಗಾದ್ರೆ ನನ್ನನ್ನೂ ಫೈಲಿಗೆ ಹಾಕಿ ಕರ್ಕೊಂಡು ಹೋಗಿ," ಎಂದು ನಕ್ಕಳು. ಆಮೇಲೆ ಹಿಮದ ಫೋಟೋ ಒಂದು ಬೇಕೇ ಬೇಕು ಎಂದಳು. ನಾವಿಬ್ಬರೂ ಹಿಮವನ್ನು ನೋಡಿದವರಲ್ಲ. ಅದಕ್ಕೆಂದೇ ನಮ್ಮ ಬೀದಿಯ ಅಂಗಡಿಯಿಂದ ಒಂದು ಕ್ಯಾಮೆರಾ ತಂದೆ. ಫೋಟೋದ ಮೂಲೆಯಲ್ಲಿ ದಿನ, ಗಂಟೆ, ನಿಮಿಷ ಕಿತ್ತಳೆ ಬಣ್ಣದಲ್ಲಿ ಅಚ್ಚಾಗುವ ಕ್ಯಾಮೆರಾ. ಅಂಗಡಿಯವನೇ ಅಬುಧಾಬಿಯ ಸಮಯ ಕೂರಿಸಿಕೊಟ್ಟ. ಜರ್ಮನಿಗೆ ಹೋದ ಮೇಲೆ ಮೂರು ಗಂಟೆ ಹಿಂದೆ ಮಾಡುವುದು ಹೇಗೆಂದು ನಾನು ಕೇಳಲಿಲ್ಲ.

ರೇಗನ್ಸ್‌ಬರ್ಗ್ ಬಹಳ ಹಳೆಯ ಪಟ್ಟಣ. ಡ್ಯಾನ್ಯೂಬ್ ನದಿಗೆ ಅಡ್ಡವಾಗಿ ನೂರಾರು ವರ್ಷ ಹಿಂದಿನ ಕಲ್ಲಿನ ಸೇತುವೆ, ಅದರಾಚೆ ಎರಡು ಚೂಪು ಗೋಪುರಗಳ ದೊಡ್ಡ ಇಗರ್ಜಿ, ಒಬ್ಬರ ಹಿಂದೊಬ್ಬರು ನಡೆಯಬೇಕಾದಷ್ಟು ಇಕ್ಕಟ್ಟಿನ ಗಲ್ಲಿಗಳು. ಬೇರೆ ಯಾವುದಾದರೂ ತಿಂಗಳಲ್ಲಿ ಹೋಗಿದ್ದರೆ ಚೆನ್ನಾಗಿ ವರ್ಣಿಸುತ್ತಿದ್ದೆನೋ ಏನೋ. ನಾನು ಕಂಡದ್ದು ನನ್ನ ಕಾಲಬೆರಳುಗಳನ್ನು ಮಾತ್ರ. ಅವು ಇವೆಯೋ ಇಲ್ಲವೋ ಎಂದು ಆಗಾಗ ನೋಡಿಕೊಳ್ಳಬೇಕಾಗಿತ್ತು. ದುಬೈಯ ನೈಫ್ ಮಾರ್ಕೆಟ್ಟಿನಲ್ಲಿ ಕೊಂಡ ಜಾಕೆಟ್ಟು ಮರಳುಗಾಡಿನ ಚಳಿಗೆ ಹೊಲಿದದ್ದು, ಆ ಊರಿನ ಗಾಳಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬೂಟು ಎರಡನೇ ದಿನವೇ ನೀರು ಕುಡಿಯಿತು. ಬೆಳಿಗ್ಗೆ ಎಂಟಕ್ಕೂ ನಸುಗತ್ತಲು, ಸಂಜೆ ನಾಲ್ಕೂವರೆಗೆ ಮತ್ತೆ ಕತ್ತಲು. ಉಳಿದದ್ದು ಒಬ್ಬಳು ವಯಸ್ಸಾದ ಹೆಂಗಸು ನಡೆಸುವ ಸಣ್ಣ ವಸತಿಗೃಹದಲ್ಲಿ. ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಜರ್ಮನ್ ಸೊನ್ನೆ.

ಸೋಮವಾರ ತಲುಪಿದ್ದೆ. ಶುಕ್ರವಾರದ ತನಕ ಕಾರ್ಖಾನೆ. ಶನಿವಾರ ರಜೆ ಎಂದರು. ಪೇಟೆಯಲ್ಲಿ ತಿರುಗಾಡಿದೆ, ಮಧ್ಯಾಹ್ನ ಎರಡು ಗಂಟೆಗೆ ಅಂಗಡಿಗಳು ಒಂದೊಂದಾಗಿ ಬಾಗಿಲು ಎಳೆದುಕೊಂಡವು. ಓಹೋ, ನಮ್ಮ ಶುಕ್ರವಾರ ಎಂದರೆ ಇವರ ಶನಿವಾರ ಎಂದು ನಾನು ತೀರ್ಮಾನ ಮಾಡಿದೆ. ನಗಬೇಡಿ. ನಮಗೆ ಅಲ್ಲಿ ವಾರದ ರಜೆ ಶುಕ್ರವಾರ. ಭಾನುವಾರ ಅಂದರೆ ಬ್ಯಾಂಕು, ಆಫೀಸು, ಬಸ್ಸಿನ ನೂಕುನುಗ್ಗಲು. ಶಾಲೆಗೆ ಹೋಗುವಾಗ ಉಡುಪಿಯಲ್ಲಿ ಭಾನುವಾರಕ್ಕೆ ಎಷ್ಟು ಕಾದಿದ್ದೆನೋ ಅಷ್ಟೂ ಈ ಎಂಟು ವರ್ಷಗಳಲ್ಲಿ ಮೈಯಿಂದ ಇಳಿದು ಹೋಗಿತ್ತು.

ಆ ಶನಿವಾರ ನಾಲ್ಕು ಗಂಟೆಗೆ ಕೋಣೆಗೆ ಬಂದು, ಒದ್ದೆ ಬೂಟು ಬಿಚ್ಚಿ, ಹೀಟರಿಗೆ ಕಾಲು ಕೊಟ್ಟು ಕೂತಿದ್ದೆ. ವಸತಿಗೃಹದ ಅಜ್ಜಿ ಬಾಗಿಲು ತಟ್ಟಿ, ತಂತಿಯಿಲ್ಲದ ಫೋನನ್ನು ಕೈಗೆ ಕೊಟ್ಟಳು. ಅಕ್ಕ ಮಾತಾಡಿದರು.

"ನೋಡಿ, ಗಾಬ್ರಿ ಆಗ್ಬೇಡಿ. ಇವ್ಳಿಗೆ ಬೆಳಗ್ಗಿಂದ ಹೊಟ್ಟೆ ನೋವು ಬಂದು ಬಂದು ಹೋಗ್ತಿದೆ. ಕ್ಲಿನಿಕ್ ಡಾಕ್ಟ್ರು ನಾಳೆನೇ ದೊಡ್ಡಾಸ್ಪತ್ರೆಗೆ ಸೇರ್ಸಿ ಅಂದ್ರು. ನಾನು ಅಲ್ಲಿಗೆ ಹೋಗಿ ವಿಚಾರ್ಸ್ದೆ. ಅಡ್ಮಿಷನ್‌ಗೆ ಮ್ಯಾರೇಜ್ ಸರ್ಟಿಫಿಕೇಟ್ ಕೇಳ್ತಾರೆ. ಒಂದು ಜೆರಾಕ್ಸ್ ಆದ್ರೂ ಇಲ್ಲಿಟ್ಟು ಹೋಗಿದೀರಾ? ಬೀರು ಎಲ್ಲಾ ಹುಡುಕಿದ್ವಿ."

ಸರ್ಟಿಫಿಕೇಟು ನನ್ನ ಎದುರಿಗೇ ಮೇಜಿನ ಮೇಲಿತ್ತು. ಐದು ಪ್ರತಿಗಳ ಸಮೇತ. ಹೇಗೋ ಹೇಳಿದೆ. ಅಕ್ಕ, ಸದ್ಯಕ್ಕೆ ಫ್ಯಾಕ್ಸ್ ಆದರೂ ಆಗುತ್ತದಂತೆ ಎಂದು ಆಸ್ಪತ್ರೆಯ ನಂಬರು ಕೊಟ್ಟರು. ಫೈಲಿನ ಮೇಲೆಯೇ ಬರೆದುಕೊಂಡೆ. ಹೆಂಡತಿ ಫೋನು ತೆಗೆದುಕೊಂಡಳು.

"ನೋವು ಜೋರು ಉಂಟಾ?" ಎಂದು ಕೇಳಿದೆ.

"ಅಷ್ಟೇನಿಲ್ಲ. ನಿಮ್ಗೆ ಅಲ್ಲಿ ಚಳಿ ಜೋರು ಉಂಟಾ?"

"ನಾಳೆ ಭಾನುವಾರ. ಬೆಳಿಗ್ಗೆ ಎಲ್ಲ ತೆರೆದ ಕೂಡ್ಲೇ ಕಳಿಸ್ತೇನೆ. ನೀನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಾಗದ ಅಲ್ಲಿ ಇರ್ತದೆ. ಎಂತ ಹೆದ್ರಬೇಡ."

ಹೆದರುವುದಿಲ್ಲ ಎಂದಳು. ನನ್ನ ಮಾತನ್ನು ನಂಬಿದಳು. ಆ ಹೊತ್ತಿಗೆ ರೈಲು ನಿಲ್ದಾಣದಲ್ಲಿ ಫ್ಯಾಕ್ಸ್ ಕಳಿಸುವ ಒಂದು ಕೌಂಟರು ತೆರೆದೇ ಇತ್ತು, ಆರು ಗಂಟೆಯ ತನಕ ಇರುತ್ತಿತ್ತು. ಅಜ್ಜಿಯನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ಆದರೆ ಬೂಟು ಒದ್ದೆಯಾಗಿತ್ತು, ಹೀಟರು ಬೆಚ್ಚಗಿತ್ತು. ನಾಳೆ ಹೇಗೂ ಕೆಲಸದ ದಿನವಲ್ಲ‍ವೇ ಎಂದು ನಾನು ಮತ್ತೆ ಕಾಲು ಚಾಚಿ ಕೂತೆ.

ಬೆಳಿಗ್ಗೆ ಎಂಟಕ್ಕೆ ಫೈಲನ್ನು ಜಾಕೆಟ್ಟಿನೊಳಗೆ ಸಿಕ್ಕಿಸಿಕೊಂಡು ಹೊರಟೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಜೆರಾಕ್ಸ್ ಅಂಗಡಿಗೆ ಬೀಗ, ಅಂಚೆ ಕಚೇರಿಗೆ ಬೀಗ. ಚಳಿಗೆ ತಡವಾಗಿ ತೆಗೆಯುತ್ತಾರೇನೋ ಎಂದು ಅಂಚೆ ಕಚೇರಿಯ ಮೆಟ್ಟಿಲಲ್ಲಿ ಅರ್ಧ ಗಂಟೆ ನಿಂತೆ. ಅಷ್ಟರಲ್ಲಿ ಊರಿನ ಗಂಟೆಗಳೆಲ್ಲ ಒಟ್ಟಿಗೇ ಬಾರಿಸತೊಡಗಿದವು. ಒಳ್ಳೆಯ ಬಟ್ಟೆ ತೊಟ್ಟ ಮುದುಕರು ಮುದುಕಿಯರು ಕೈ ಕೈ ಹಿಡಿದು ಇಗರ್ಜಿಯ ಕಡೆ ನಡೆದರು. ಆಗ, ಆಗ ಮಾತ್ರ ನನಗೆ ಭಾನುವಾರ ಎಂದರೆ ಏನೆಂದು ನೆನಪಾಯಿತು. ನನ್ನನ್ನು ನಾನೇ ತುಳುವಿನಲ್ಲಿ ಬೈದುಕೊಂಡೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಮೇಲೆ ಓಡಿದ್ದೇ ಓಡಿದ್ದು. ಹಿಮದಲ್ಲಿ ಓಡುವುದು ಅಭ್ಯಾಸವಿಲ್ಲದವನು ಓಡಿದ ಹಾಗೆಯೂ ಅಲ್ಲ, ನಡೆದ ಹಾಗೆಯೂ ಅಲ್ಲ. ನಿಲ್ದಾಣಕ್ಕೆ ಹೋದೆ. ಆ ಕೌಂಟರಿನ ಗಾಜಿನ ಮೇಲೆ ಸಮಯದ ಪಟ್ಟಿ ಅಂಟಿಸಿದ್ದರು, ಶನಿವಾರ ಆರರ ತನಕ ಎಂಬುದನ್ನು ಓದಿದ್ದು ಅಲ್ಲಿ. ಒಂದು ಹೋಟೆಲು ಚಳಿಗಾಲಕ್ಕೆಂದು ಮುಚ್ಚಿತ್ತು. ಇನ್ನೊಂದರಲ್ಲಿ ಫ್ಯಾಕ್ಸ್ ಇದ್ದದ್ದು ಮಾಲೀಕನ ಕೋಣೆಯಲ್ಲಿ, ಕೀಲಿ ಇದ್ದದ್ದು ಮಾಲೀಕನಲ್ಲಿ, ಮಾಲೀಕ ಎಲ್ಲೋ. ಅಲ್ಲಿದ್ದ ಹುಡುಗಿ ಕನಿಕರದಿಂದ ಬಿಸಿ ಕಾಫಿ ಕೊಡಲಾ ಎಂದು ಕೇಳಿದಳು. ನನಗೆ ಸಿಟ್ಟು ಬಂದು, ಬೇಡ ಎಂದು ಹೊರಗೆ ಬಂದೆ. ಅವಳ ತಪ್ಪು ಏನೂ ಇರಲಿಲ್ಲ.

ಹತ್ತು ಗಂಟೆ ದಾಟಿತ್ತು. ಅಬುಧಾಬಿಯಲ್ಲಿ ಒಂದು ಗಂಟೆ. ಅವರು ಆಸ್ಪತ್ರೆಯಲ್ಲಿ ಕಾಯುತ್ತಿರಬೇಕು. ಒಂದು ಗಲ್ಲಿಯಲ್ಲಿ ಔಷಧಿ ಅಂಗಡಿಯೊಂದರ ಒಳಗೆ ದೀಪ ಕಂಡಿತು. ಬಾಗಿಲಿಗೆ ಬೀಗ, ಪಕ್ಕದಲ್ಲಿ ಕರೆಗಂಟೆ. ಒತ್ತಿದೆ. ಬಾಗಿಲಲ್ಲಿದ್ದ ಪುಟ್ಟ ಕಿಟಕಿ ತೆರೆದು ಬಿಳಿ ಕೋಟಿನ ಹೆಂಗಸೊಬ್ಬಳು ಇಣುಕಿದಳು. ರಜೆಯ ದಿನ ತುರ್ತು ಔಷಧಿಗೆಂದು ಊರಿನ ಅಂಗಡಿಗಳು ಸರದಿಯ ಮೇಲೆ ಹೀಗೆ ಒಬ್ಬರನ್ನು ಕೂರಿಸುತ್ತವಂತೆ. ನನಗೆ ಔಷಧಿ ಬೇಡ, ಫ್ಯಾಕ್ಸ್ ಬೇಕು ಎಂದೆ. ಅವಳು ಕಿಟಕಿ ಮುಚ್ಚಹೋದಳು. ನಾನು ಸರ್ಟಿಫಿಕೇಟನ್ನು ಕಿಟಕಿಯೊಳಗೆ ತೂರಿಸಿ ಹೆಂಡತಿ, ಮಗು, ಆಸ್ಪತ್ರೆ, ಅಬುಧಾಬಿ ಎಂದು ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟಿಗೇ ಸುರಿದೆ. ಅವಳು ಬಾಗಿಲು ತೆರೆದಳು.

ಒಳಗೆ ಫ್ಯಾಕ್ಸ್ ಯಂತ್ರವಿತ್ತು. ಅವಳೇ ಕಾಗದ ಇಟ್ಟು ನಂಬರು ಒತ್ತಿದಳು. ಮೂರು ಸಲ ಎಂಗೇಜು, ನಾಲ್ಕನೇ ಸಲ ಹೋಯಿತು. ಕಾಯುತ್ತಿರುವಾಗ ಅವಳು ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದಳು, "ಈ ಕಾಗದ ಇಲ್ಲದಿದ್ದರೆ ಮಗು ಹುಟ್ಟುವುದಿಲ್ಲವೆ?" ಅಣಕವೇನಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಮದುವೆಯಾದವರೆಂಬ ಪುರಾವೆ ಇಲ್ಲದೆ ಹೆರಿಗೆಗೆ ಸೇರಿಸಿಕೊಳ್ಳುವುದಿಲ್ಲ, ಅದು ಅಲ್ಲಿನ ರೂಲು ಎಂದೆ. ರೂಲಿನ ಮೇಲೆ ಬರಬೇಕಾದ ಸಿಟ್ಟು ನನಗೆ ಅವಳ ಮೇಲೆ ಬಂತು. ಆ ರೂಲು ನನಗೆ ಎಂಟು ವರ್ಷದಿಂದ ಗೊತ್ತಿದ್ದದ್ದು, ಅವಳಿಗೆ ಎಂಟು ನಿಮಿಷದಿಂದ. ಹಣ ಕೊಡಹೋದರೆ ಬೇಡವೆಂದು ಕೈಯಾಡಿಸಿದಳು.

ಹೊರಗೆ ಬಂದಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು. ಕಾಗದ ಹೋಯಿತು, ಇನ್ನು ಒಳಗೆ ಸೇರಿಸಿಕೊಳ್ಳುತ್ತಾರೆ. ಮೋಡ ಸ್ವಲ್ಪ ಸರಿದು ಬೆಳಕು ಬಿದ್ದಿತ್ತು. ಗಲ್ಲಿ ಇಳಿದರೆ ಎದುರಿಗೇ ಆ ಕಲ್ಲಿನ ಸೇತುವೆ, ಉದ್ದಕ್ಕೂ ಬೆಳ್ಳಗೆ ಹಿಮ, ಕೆಳಗೆ ನದಿಯಲ್ಲಿ ಮಂಜುಗಡ್ಡೆಯ ತುಂಡುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತ ಹೋಗುತ್ತಿದ್ದವು. ಆ ಊರು ಚೆಂದ ಎಂದು ನನಗೆ ಅನಿಸಿದ್ದು ಆಗಲೇ, ಮೊದಲನೇ ಸಲ. ಹೆಂಡತಿ ಕೇಳಿದ ಫೋಟೋ ನೆನಪಾಯಿತು. ಕ್ಯಾಮೆರಾ ಜಾಕೆಟ್ಟಿನ ಕಿಸೆಯಲ್ಲೇ ಇತ್ತು. ಎದುರಿಗೆ ಬಂದ ಮುದುಕ ದಂಪತಿಯ ಕೈಗೆ ಕೊಟ್ಟೆ. ಮುದುಕ ಏನೋ ಹೇಳಿದ, ನಗು ಎಂದಿರಬೇಕು. ನಕ್ಕೆ.

ವಸತಿಗೃಹಕ್ಕೆ ಮರಳಿ ಫ್ಲ್ಯಾಟಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಎಲ್ಲರೂ ಆಸ್ಪತ್ರೆಯಲ್ಲಿದ್ದಾರೆ, ಒಳ್ಳೆಯದೇ ಆಯಿತು ಅಂದುಕೊಂಡೆ. ಹನ್ನೆರಡು ಗಂಟೆಗೆ ಫೋನು ಬಂತು. ಆಸ್ಪತ್ರೆಯ ಬೂತಿನಿಂದ ಅಕ್ಕ. ಅವರ ದನಿಯಲ್ಲಿ ಅಳು ಇತ್ತು.

"ಏನ್ರೀ ಕಳ್ಸಿದೀರಾ ನೀವು? ಮುಂದಿನ ಪೇಜ್ ಮಾತ್ರ ಬಂದಿದೆ. ಸ್ಟ್ಯಾಂಪ್ ಎಲ್ಲಿ ಅಂತ ಕೇಳ್ತಿದಾನೆ ಕೌಂಟರಿನವ್ನು. ಅಟೆಸ್ಟೇಶನ್ ಇಲ್ದೆ ಫೈಲ್ ಓಪನ್ ಮಾಡಲ್ವಂತೆ. ಎರಡು ಗಂಟೆ ಹೊತ್ತಾಯ್ತು, ಬೆಂಚ್ ಮೇಲೇ ಕೂತಿದಾಳೆ. ನೀರು ಹೋಗ್ತಾ ಇದೆ ಇವ್ಳಿಗೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಆದರೆ ಈ ಪೂಜಾರಿಯನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಹಿಂದಿನ ಪುಟದ ಮುದ್ರೆಗಳಿಗೋಸ್ಕರ ನಾನು ಒಂದು ಇಡೀ ರಜೆಯನ್ನು ಬೆಂಗಳೂರಿನಲ್ಲೂ ದೆಹಲಿಯಲ್ಲೂ ಕಳೆದವನು. ಜರ್ಮನಿಯ ಆ ಹೆಂಗಸಿಗೆ ಹಿಂದಿನ ಪುಟದ ಬೆಲೆ ಗೊತ್ತಿರಲಿಲ್ಲ, ಸರಿ. ನನಗೆ ಗೊತ್ತಿತ್ತು. ಕಾಗದ ತಿರುಗಿಸಿ ಎಂದು ಹೇಳಲು ನನಗೆ ಯಾಕೆ ಹೊಳೆಯಲಿಲ್ಲ ಎಂಬುದು ಇವತ್ತಿಗೂ ಅರ್ಥವಾಗಿಲ್ಲ.

ಮತ್ತೆ ಓಡಿದೆ. ಇಗರ್ಜಿಯ ಮುಂದೆ ಜಾರಿ ಬಿದ್ದೆ, ಮೊಣಕೈ ತರಚಿಹೋಯಿತು, ಎದ್ದೆ. ಇಬ್ಬರು ಹುಡುಗಿಯರು ಹಿಡಿದೆತ್ತಲು ಬಂದರು, ಅವರನ್ನೂ ತಳ್ಳಿಕೊಂಡು ಹೋದೆ. ಕರೆಗಂಟೆ ಒತ್ತಿದಾಗ ಅದೇ ಹೆಂಗಸು ನನ್ನ ಮುಖ ನೋಡಿ ಬಾಗಿಲು ತೆಗೆದಳು. ಕಾಗದ ತಿರುಗಿಸಿ ಇಟ್ಟೆವು. ಯಂತ್ರ ನಾಲ್ಕು ಮುದ್ರೆಗಳನ್ನೂ ಒಂದೊಂದೇ ಗೆರೆಯಾಗಿ ನುಂಗುತ್ತಾ ಹೋಯಿತು. ಅಷ್ಟು ನಿಧಾನವಾದ ಯಂತ್ರವನ್ನು ನಾನು ಬೇರೆಲ್ಲೂ ನೋಡಿಲ್ಲ. ಆ ಹೆಂಗಸು ನನ್ನ ಮೊಣಕೈಯ ರಕ್ತ ಒರೆಸಿ ಪಟ್ಟಿ ಕಟ್ಟಿದಳು. ನಾನು ಅತ್ತುಬಿಟ್ಟೆ. ಎಲ್ಲಿಯ ಬೇಕರಿ, ಎಲ್ಲಿಯ ಜರ್ಮನಿ, ನನ್ನ ಹೆಂಡತಿಗಾಗಿ ನಾನು ಮಾಡಬಹುದಾದದ್ದು ಇಷ್ಟೇ, ಒಂದು ಕಾಗದವನ್ನು ಮಗುಚಿ ಹಾಕುವುದು.

ಎರಡು ಗಂಟೆಗೆ ಅಕ್ಕ ಮತ್ತೆ ಫೋನು ಮಾಡಿದರು. ಹೆಣ್ಣು ಮಗು. ಅಬುಧಾಬಿಯ ಮೂರು ಇಪ್ಪತ್ತಕ್ಕೆ ಹುಟ್ಟಿತಂತೆ. ಕೇರಳದ ಒಬ್ಬಳು ನರ್ಸು ಆ ದಾರಿಯಲ್ಲಿ ಹಾದು ಹೋಗುವಾಗ ಬೆಂಚಿನ ಕೆಳಗಿನ ನೀರನ್ನು ನೋಡಿ, ಕೌಂಟರಿನವನನ್ನು ಮಲಯಾಳದಲ್ಲಿ ಚೆನ್ನಾಗಿ ಬೈದು, ಕಾಗದ ಆಮೇಲೆ ನೋಡೋಣ ಎಂದು ಗಾಲಿಕುರ್ಚಿಯಲ್ಲಿ ಎಮರ್ಜೆನ್ಸಿಗೆ ತಳ್ಳಿಕೊಂಡು ಹೋದಳಂತೆ. ಒಳಗೆ ಹೋಗಿ ಹತ್ತು ನಿಮಿಷಕ್ಕೆ ಹೆರಿಗೆ. ಮಗು ತೀರಾ ಸಣ್ಣದು, ಉಸಿರಾಟ ಸರಿಯಿಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನನ್ನ ಎರಡನೇ ಫ್ಯಾಕ್ಸ್ ಮುಟ್ಟುವಾಗ ಮಗು ಹುಟ್ಟಿ ಐದು ನಿಮಿಷವಾಗಿತ್ತು. ಅದನ್ನು ಆ ದಿನ ಯಾರೂ ನೋಡಲೇ ಇಲ್ಲ.

ಕೂಡಲೇ ಹೊರಡುತ್ತೇನೆಂದೆ. ಹಿಮದಿಂದಾಗಿ ವಿಮಾನಗಳು ನಿಂತಿದ್ದವು, ಸೀಟು ಸಿಕ್ಕಿದ್ದು ಬುಧವಾರ. ಆ ಮೂರು ದಿನ ನಾನು ಏನು ತಿಂದೆ, ಎಲ್ಲಿ ನಡೆದೆ ಎಂಬುದು ನೆನಪಿಲ್ಲ. ಅಜ್ಜಿ ದಿನಾ ಬೆಳಿಗ್ಗೆ ಇಗರ್ಜಿಯಲ್ಲಿ ಒಂದು ಮೇಣದಬತ್ತಿ ಹಚ್ಚಿ ಬಂದೆನೆಂದು ಕೈಸನ್ನೆಯಲ್ಲಿ ಹೇಳುತ್ತಿದ್ದದ್ದು ಮಾತ್ರ ನೆನಪಿದೆ.

ಅಬುಧಾಬಿಯಲ್ಲಿ ಇಳಿದವನು ಸೂಟ್‌ಕೇಸಿನೊಂದಿಗೇ ಆಸ್ಪತ್ರೆಗೆ ಹೋದೆ. ಗಾಜಿನಾಚೆ ಅಂಗೈಯಗಲದ ಬೆನ್ನು ಏರಿ ಇಳಿಯುತ್ತಿತ್ತು. ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದು ಅದರ ಮಾರನೆಯ ದಿನ. ಹೆಂಡತಿ ನನ್ನನ್ನು ಕಂಡು ಅಳಲಿಲ್ಲ, ಬೈಯಲಿಲ್ಲ. ಮೊಣಕೈಗೆ ಎಂತ ಆಯ್ತು ಎಂದು ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಮಗು ಮನೆಗೆ ಬಂದ ಮೇಲೆ ಒಂದು ದಿನ ನಾನು ರೀಲು ತೊಳೆಸಿ ತಂದೆ. ಅವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಫೋಟೋಗಳನ್ನು ಒಂದೊಂದಾಗಿ ನೋಡಿದಳು. ಸೇತುವೆಯ ಫೋಟೋಕ್ಕೆ ಬಂದಾಗ ಅವಳ ಬೆರಳು ಮೂಲೆಯ ಕಿತ್ತಳೆ ಅಂಕೆಗಳ ಮೇಲೆ ನಿಂತಿತು. ಹದಿಮೂರು ಗಂಟೆ ನಲವತ್ತು ನಿಮಿಷ. ಅಬುಧಾಬಿಯ ಸಮಯ.

"ಕೌಂಟರಿನವ ನನ್ನನ್ನು ಬೆಂಚಿಗೆ ಕಳಿಸಿ ಸ್ವಲ್ಪ ಹೊತ್ತಾಗಿತ್ತು," ಎಂದಳು. "ಎದುರಿನ ಗೋಡೆಯಲ್ಲಿ ಗಡಿಯಾರ ಇತ್ತು. ಅದನ್ನೇ ನೋಡ್ತಾ ಇದ್ದೆ."

ನಾನು ಏನೋ ಹೇಳಹೊರಟೆ. ಫ್ಯಾಕ್ಸ್ ಹೋಗಿತ್ತು, ನೀನು ಒಳಗೆ ಸೇರಿದ್ದಿ ಅಂದುಕೊಂಡು, ನೀನೇ ಕೇಳಿದ್ದಿಯಲ್ಲ ಹಿಮದ ಫೋಟೋ...

"ಇರ್ಲಿ ಬಿಡಿ. ಒಬ್ಬರಾದ್ರೂ ನಗ್ತಾ ಇದ್ರಲ್ಲ."

ಉಳಿದ ಫೋಟೋಗಳು ಆಲ್ಬಮ್ಮಿಗೆ ಹೋದವು. ಇದೊಂದನ್ನು ಅವಳು ನೀಲಿ ಫೈಲಿನಲ್ಲಿ, ಸರ್ಟಿಫಿಕೇಟಿನ ಹಿಂದಿನ ಪುಟಕ್ಕೆ ಒತ್ತಿಕೊಂಡಂತೆ ಇಟ್ಟಳು. ಯಾಕೆಂದು ನಾನು ಕೇಳಲಿಲ್ಲ. ಅಂದಿನಿಂದ ಯಾವ ಕೌಂಟರಿನಲ್ಲಿ ಆ ಕಾಗದ ಎಳೆದರೂ ಅದರ ಜೊತೆ ಅವನೂ ಬರುತ್ತಾನೆ. ವೀಸಾ ರಿನ್ಯೂ ಮಾಡುವಾಗ, ಮಗಳನ್ನು ಶಾಲೆಗೆ ಸೇರಿಸುವಾಗ, ಕೌಂಟರಿನವರು ಅವನನ್ನು ಎತ್ತಿ ಪಕ್ಕಕ್ಕಿಟ್ಟು, ಕಾಗದ ಮಗುಚಿ ಮುದ್ರೆ ನೋಡುತ್ತಾರೆ.

ಮೊನ್ನೆ ಮಗಳ ಪಾಸ್‌ಪೋರ್ಟಿನ ಕೆಲಸಕ್ಕೆ ಮೂವರೂ ಹೋಗಿದ್ದೆವು. ಅವಳಿಗೆ ಈಗ ಹತ್ತು ವರ್ಷ. ನಾನು ಕಾಗದ ತೆಗೆಯುವಾಗ ಫೋಟೋ ನೆಲಕ್ಕೆ ಬಿತ್ತು. ಮಗಳು ಎತ್ತಿಕೊಂಡು ನೋಡಿದಳು.

"ಪಪ್ಪಾ, ಯು ಲುಕ್ ಸೋ ಹ್ಯಾಪಿ! ವೆನ್ ವಾಸ್ ದಿಸ್?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕೌಂಟರಿನ ಮೇಲಿನ ನಂಬರನ್ನು ನೋಡುತ್ತಿದ್ದಳು, ನಮ್ಮ ಸರದಿಗೆ ಇನ್ನೂ ನಾಲ್ಕು ಜನ ಇದ್ದರು.

"ನೀನು ಹುಟ್ಟಿದ ದಿನ," ಎಂದೆ.

"ರಿಯಲಿ? ದೆನ್ ಯು ವರ್ ಹ್ಯಾಪಿ ಬಿಕಾಸ್ ಆಫ್ ಮಿ?"

ನಾನು ಫೈಲಿನ ಹಾಳೆಗಳನ್ನು ಮಗುಚತೊಡಗಿದೆ. ಹೆಂಡತಿ ತಿರುಗಿ ನೋಡದೆಯೇ "ಹೌದು, ನಿನಗೋಸ್ಕರವೇ ನಕ್ಕದ್ದು ಅವ್ರು," ಎಂದಳು. ಮಗಳ ಕೈಯಿಂದ ಫೋಟೋ ತೆಗೆದುಕೊಂಡು, ಮೊದಲು ಇದ್ದ ಜಾಗದಲ್ಲೇ ಇಟ್ಟು, ಫೈಲು ಮುಚ್ಚಿ ನನ್ನ ಕೈಗೆ ಕೊಟ್ಟಳು.